ಗಾಳಿಯಲ್ಲಿ ಬರುವ ಹಾಡಿಗೂ ಒಡೆಯನುಂಟು
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಬರುವ ರಾಜ್ಯೋತ್ಸವಕ್ಕೆ ನಾವು ನಾಟಕವಾಡಬೇಕು, ಟಿಕೇಟಿನ ಹಣದಲ್ಲಿ ವಾಚನಾಲಯಕ್ಕೆ ಹೊಸ ಕಪಾಟು ಕೊಳ್ಳಬೇಕು ಎಂಬ ಮಾತು ನಡೆದಿದೆ. ಒಳ್ಳೆಯ ಮಾತೇ. ಆದರೆ ನಾಟಕ ಬರೆದವರನ್ನು ಕೇಳಬೇಡವೇ? ಇದಕ್ಕೆ ಉತ್ತರ ಹುಡುಕಹೊರಟರೆ ಮುಂಬಯಿ ರೇಡಿಯೋದ ಕಥೆಯಿಂದಲೇ ಆರಂಭಿಸಬೇಕಾಗುತ್ತದೆ.

1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ನರು ಮುಂಬಯಿ ಕೇಂದ್ರವನ್ನು ಉದ್ಘಾಟಿಸಿದರು. ಅದನ್ನು ನಡೆಸುತ್ತಿದ್ದುದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ. ಯಂತ್ರದ ಶಕ್ತಿ ಒಂದೂವರೆ ಕಿಲೋವ್ಯಾಟ್. ಚೆನ್ನಾಗಿ ಕೇಳುತ್ತಿದ್ದುದು ಸುಮಾರು 30 ಮೈಲು. ಅಂದರೆ ಠಾಣೆ ದಾಟಿ ನಮ್ಮ ಡೊಂಬಿವಲಿ, ಕಲ್ಯಾಣಗಳ ಕಡೆಯವರೆಗೆ. ಕಂಪನಿ ಬ್ರಿಟಿಷ್ ಸರಕಾರದೊಡನೆ ಒಪ್ಪಂದ ಮಾಡಿಕೊಂಡಿತ್ತು. ಕೇಳುಗನು ವರ್ಷಕ್ಕೆ 10 ರೂಪಾಯಿ ಲೈಸೆನ್ಸು ಹಣ ಕಟ್ಟಬೇಕು. ಅದರಲ್ಲಿ ನೂರಕ್ಕೆ 80 ಕಂಪನಿಗೆ. 1927ರ ಕೊನೆಗೆ ಲೈಸೆನ್ಸುಗಳು 3,594. 1929ರ ಕೊನೆಗೆ 7,775. ಇಷ್ಟರಲ್ಲಿ ಸಂಸಾರ ಸಾಗಲಿಲ್ಲ. 1930ರ ಮಾರ್ಚಿನಲ್ಲಿ ಕಂಪನಿ ಮುಚ್ಚಿತು. ಏಪ್ರಿಲಿನಿಂದ ಸರಕಾರವೇ ಪ್ರಸಾರ ನಡೆಸಿತು.

ಸರಕಾರಕ್ಕೆ ಇಷ್ಟು, ಕಂಪನಿಗೆ ಇಷ್ಟು. ಹಾಡು ಬರೆದವನಿಗೆ? ಆಗಿದ್ದ ಗ್ರಂಥಸ್ವಾಮ್ಯ ಕಾನೂನು 1914ರದು. ಇಂಗ್ಲೆಂಡಿನ 1911ರ ಕಾನೂನನ್ನೇ ಇಲ್ಲಿಗೆ ಅನ್ವಯಿಸಿದ್ದು. ಅದು ರೇಡಿಯೋ ಪ್ರಸಾರ ಹುಟ್ಟುವ ಮೊದಲೇ ಹುಟ್ಟಿದ್ದು. 1928ರಲ್ಲಿ ರೋಮಿನಲ್ಲಿ ಸೇರಿದ ದೇಶಗಳು, ಕೃತಿಯನ್ನು ಪ್ರಸಾರ ಮಾಡಲು ಒಪ್ಪಿಗೆ ಕೊಡುವ ಹಕ್ಕು ಕರ್ತೃವಿನದು ಎಂದು ಬರೆದವು. ಆದರೆ ಷರತ್ತು ಹಾಕುವ ಅಧಿಕಾರವನ್ನು ಆಯಾ ಸರಕಾರಗಳಿಗೆ ಬಿಟ್ಟವು. ಕರ್ತೃವಿಗೆ ನ್ಯಾಯವಾದ ಸಂಭಾವನೆ ಮಾತ್ರ ತಪ್ಪಬಾರದು ಎಂದವು. ಬಾನುಲಿಯವರು, ಸರಕಾರ, ಬರೆದವರು, ಈ ಮೂವರ ಜಗ್ಗಾಟ ಆಗಿನಿಂದಲೂ ನಡೆದಿದೆ.

ನಮ್ಮ ಮುಂಬಯಿಯ ಹೋಟೆಲಿಗೂ ಅದು ಬಂತು. ಒಂದು ಉಪಾಹಾರ ಗೃಹದಲ್ಲಿ ಗಿರಾಕಿಗಳಿಗಾಗಿ ರೇಡಿಯೋ ಹಚ್ಚಿದ್ದರ ಮೇಲೆ ಪರ್‌ಫಾರ್ಮಿಂಗ್ ರೈಟ್ ಸೊಸೈಟಿ ದಾವೆ ಹೂಡಿತು. 1939ರ ಕಾನೂನು ವರದಿಗಳಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪಿದೆ: ಗಿರಾಕಿಗಳಿಗೆ ರೇಡಿಯೋ ಕೇಳಿಸುವುದೂ ಸಾರ್ವಜನಿಕ ಪ್ರದರ್ಶನವೇ.

ಸ್ವಾತಂತ್ರ್ಯಾನಂತರ ಕಾನೂನು ಮಾಡುವವರೂ ಸರಕಾರ, ಬಾನುಲಿ ನಡೆಸುವವರೂ ಸರಕಾರ ಎಂದಾಯಿತು. 1952ರಲ್ಲಿ ಸಚಿವರಾದ ಬಿ. ವಿ. ಕೇಸ್ಕರರ ಕಾಲದಲ್ಲಿ ಚಿತ್ರಗೀತೆಗಳಿಗೆ ಸಮಯ ಕಡಿಮೆಯಾಯಿತು. ಚಿತ್ರದ ಹೆಸರು ಹೇಳಿದರೆ ಜಾಹೀರಾತಾಗುತ್ತದೆಂದು ಅದನ್ನೂ ಬಿಟ್ಟರು. ನಿರ್ಮಾಪಕರು ಪ್ರಸಾರದ ಅನುಮತಿಯನ್ನೇ ಹಿಂತೆಗೆದರು. ಕೇಳುಗರು ಮುಳ್ಳನ್ನು ರೇಡಿಯೋ ಸಿಲೋನಿನತ್ತ ತಿರುಗಿಸಿದರು! ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. ಅದೇ ವರ್ಷದ ಹೊಸ ಗ್ರಂಥಸ್ವಾಮ್ಯ ಕಾನೂನು 1958ರ ಜನವರಿ 21ರಿಂದ ಜಾರಿಯಾಯಿತು. ಅದರಲ್ಲಿ ಪ್ರಸಾರ ಸಂಸ್ಥೆಗೇ ತನ್ನ ಕಾರ್ಯಕ್ರಮದ ಮೇಲೆ 25 ವರ್ಷಗಳ ಹಕ್ಕು ದೊರೆಯಿತು. ಚಿತ್ರಗೀತೆ ಬರೆದವನು ಮಾತ್ರ ಬಹಳ ಕಾಲ ಬಾಗಿಲಲ್ಲೇ ನಿಂತ. 2012ರ ತಿದ್ದುಪಡಿಯಲ್ಲಿ, ನೋಟೀಸು ಕೊಟ್ಟು ಗೊತ್ತಾದ ರಾಯಧನ ಕಟ್ಟಿ ಹಾಡು ಪ್ರಸಾರ ಮಾಡುವ ದಾರಿ ಬಾನುಲಿಯವರಿಗಾಯಿತು. ಚಿತ್ರಮಂದಿರದ ಹೊರಗಿನ ಬಳಕೆಯ ರಾಯಧನದಲ್ಲಿ ಗೀತಕಾರ, ಸಂಗೀತಕಾರರಿಗೆ ಸಮಪಾಲು ಸಿಕ್ಕಿತು.

ಈಗ ನಮ್ಮ ನಾಟಕಕ್ಕೆ ಬರೋಣ. ಹವ್ಯಾಸಿ ಸಂಘದವರು ಹಣ ಪಡೆಯದೆ ಆಡಿದರೆ, ಇಲ್ಲವೆ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಕಾನೂನು ವಿನಾಯಿತಿ ಕೊಡುತ್ತದೆ. ನಮ್ಮದು ವಾಚನಾಲಯ, ದೇವಸ್ಥಾನವಲ್ಲ. ಆದ್ದರಿಂದ ಟಿಕೇಟು ಇಟ್ಟ ಕೂಡಲೇ, ಕರ್ತೃ ಬದುಕಿರುವವರೆಗೆ ಮತ್ತು ಅವರು ಕಾಲವಾಗಿ 60 ವರ್ಷಗಳವರೆಗೆ, ಹಕ್ಕುಳ್ಳವರ ಒಪ್ಪಿಗೆ ಬೇಕು. ಪುಣ್ಯದ ಕೆಲಸ ಎಂಬುದು ಅನುಮತಿಯ ಬದಲಿಗೆ ಬರುವುದಿಲ್ಲ.

ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಇಷ್ಟು ಗೊತ್ತು: ಹತ್ತಿಯ ಬಿಲ್ಲು ಬಾಕಿಯಿಟ್ಟು ಬಟ್ಟೆಯ ಲಾಭ ಬರೆದುಕೊಂಡರೆ ಅದು ಲಾಭವಲ್ಲ. ಆದ್ದರಿಂದ ನಮ್ಮ ಸೂಚನೆ ಇದು. ತಾಲೀಮಿಗೆ ಮೊದಲು ನಾಟಕಕಾರರಿಗೆ, ಅವರಿಲ್ಲದಿದ್ದರೆ ವಾರಸುದಾರರಿಗೆ ಕಾಗದ ಬರೆಯೋಣ. ಖರ್ಚಿನ ಪಟ್ಟಿಯಲ್ಲಿ ಪರದೆ, ಬಣ್ಣ, ಚಹಾಗಳಿಗಿಂತ ಮೇಲೆ ಅವರ ಗೌರವಧನವನ್ನು ಬರೆಯೋಣ. ಕಪಾಟು ಒಂದು ತಿಂಗಳು ತಡವಾಗಿ ಬಂದರೂ ಚಿಂತೆಯಿಲ್ಲ. ಅದರಲ್ಲಿ ಇಡುವ ಪುಸ್ತಕಗಳನ್ನು ಬರೆದವರ ಋಣ ನಮ್ಮ ಮೇಲೆ ಉಳಿಯದಿರಲಿ.