ಔಷಧದ ಅಂಗಡಿಯಲ್ಲೊಂದು ಪರದೆ

(ಬೀಡಿ ಕಾರ್ಮಿಕರು ಮತ್ತು ಔಷಧ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೀಡಿ ಕಟ್ಟುವ ತಾಯಂದಿರೂ ಔಷಧ ವ್ಯಾಪಾರಿಗಳೂ ಒಂದೇ ಜಮಖಾನದ ಮೇಲೆ ಕೂತದ್ದು ನಮಗೆ ಸಂತೋಷ. ಇವತ್ತಿನ ವಿಷಯ ಮಾತ್ರ ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲೇ ಮುಗಿಯುವಂಥದು.

1930ರಲ್ಲಿ ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆಯಲು ಅಪ್ಪಣೆ ಕೊಟ್ಟಿತು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಆದರೆ ಆಸ್ಪತ್ರೆಯ ಸಾಲಿನಲ್ಲಿ ಒಪ್ಪೊತ್ತು ನಿಂತವಳಿಗೆ ಅಷ್ಟು ಬೀಡಿಯ ಕೂಲಿ ಹೋಯಿತೆಂದೇ ಲೆಕ್ಕ. ಕೆಲಸ ಮುಗಿದ ಮೇಲೂ ದೀಪ ಉರಿಯುತ್ತಿರುವುದು ಔಷಧದ ಅಂಗಡಿಯಲ್ಲಿ.

ಅಂಗಡಿಯ ದಾರಿ ಹೊಸತೇನಲ್ಲ. 1968ರಲ್ಲಿ ಕೇಂದ್ರ ಸರಕಾರ ನಿರೋಧ್ ಹೊರತಂದಾಗ, ಮೂರಕ್ಕೆ 15 ಪೈಸೆ ಬೆಲೆ ಕಟ್ಟಿ, ಚಹಾ, ಸಾಬೂನು, ಸಿಗರೇಟು ಮಾರುವ ದೊಡ್ಡ ಕಂಪನಿಗಳ ಕೈಯಿಂದಲೇ ಅಂಗಡಿಗಳಿಗೆ ಮುಟ್ಟಿಸಿತು. ಬಂಡವಾಳಗಾರರನ್ನು ಹೊಗಳುವ ಅಭ್ಯಾಸ ನಮಗಿಲ್ಲ. ಆದರೂ ಯೋಚನೆ ಒಳ್ಳೆಯದೇ. ಸರಕು ಮುಟ್ಟಿತು, ತಿಳಿವಳಿಕೆ ಅದರ ಜೊತೆ ಹೋಗಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಅರ್ಧವೂ ಇಲ್ಲ. ಮಾತ್ರೆ ನುಂಗುವವರು 5 ಮಂದಿ. ಎರಡು ಮಕ್ಕಳ ನಡುವೆ ಅಂತರ ಬೇಕೆನ್ನುವವಳಿಗೆ ಕತ್ತರಿಯನ್ನು ತೋರಿಸಿ ಪ್ರಯೋಜನವೇನು?

ತುರ್ತು ಮಾತ್ರೆಯನ್ನು 2005ರಿಂದ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು. ಅದು ಬಸಿರು ಇಳಿಸುವ ಮದ್ದಲ್ಲ, ದಿನವೂ ನುಂಗುವುದೂ ಅಲ್ಲ. ಇನ್ನು ನಿತ್ಯದ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ. ರಕ್ತದೊತ್ತಡ ಹೆಚ್ಚಿರುವವಳಿಗೆ, ಹಸಿ ಬಾಣಂತಿಗೆ ಸಾಮಾನ್ಯವಾಗಿ ಸಿಗುವ ಬಗೆ ಬೇಡ. ಇದನ್ನೆಲ್ಲ ಕೇಳಿ, ನೋಡಿ, ಹೇಳುವವರು ಯಾರು? ಕೊರಳು ನೋಡಿ “ಮದುವೆ ಆಗಿದೆಯೇನಮ್ಮ?” ಎಂದು ಎಲ್ಲರೆದುರು ವಿಚಾರಿಸುವ ಅಂಗಡಿಯನ್ನು ಕಂಡಿದ್ದೇವೆ. ಪೊಟ್ಟಣವನ್ನು ಕಳ್ಳಮಾಲಿನಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಡುವುದನ್ನೂ ಕಂಡಿದ್ದೇವೆ. (ನಮ್ಮ ವಾರಪತ್ರಿಕೆಯೂ ಆ ಸೇವೆಗೆ ಒದಗಿದ್ದುಂಟು.)

ಗೋಡೆಗೆ ತೂಗುಹಾಕಿದ ಫಾರ್ಮಸಿ ಸರ್ಟಿಫಿಕೇಟು ರಕ್ತದೊತ್ತಡ ನೋಡಲಾರದು. ಅದರ ಒಡೆಯ ಅಂಗಡಿಯಲ್ಲಿ ಇರಬೇಕು. ಅವನಿಗೆ ಸರಕಾರ ತರಬೇತಿ ಕೊಡಲಿ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಸರಕನ್ನೇ ಅಂಗಡಿಗೂ ಕಳಿಸಲಿ. ಅವನ ಹೊತ್ತಿನ ಬೆಲೆಯನ್ನು ಸರಕಾರವೇ ಕೊಡಲಿ, ಆ ಹೆಣ್ಣುಮಗಳ ಸೆರಗಿನ ಗಂಟಿನಿಂದ ಬೇಡ. ಸಂದೇಹ ಬಂದವರನ್ನು ಅವನು ಆಸ್ಪತ್ರೆಗೆ ಚೀಟಿ ಬರೆದು ಕಳಿಸಲಿ.

ಇದಕ್ಕೆಲ್ಲ ಹೋರಾಡಬೇಕಾದೀತು. ಅಂಗಡಿಯ ಮೂಲೆಯಲ್ಲಿ ಒಂದು ಸ್ಟೂಲು ಹಾಕಿ ಪರದೆ ಕಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ಈ ವಾರವೇ ಆಗಬಹುದಲ್ಲ ಎಂದು ವ್ಯಾಪಾರಿ ಮಿತ್ರರನ್ನು ಕೇಳುತ್ತೇವೆ. ಇನ್ನು ಪ್ರಶ್ನೆಗಳಿಗೆ ಹೊತ್ತು ಬಿಡೋಣ. ತಾಯಂದಿರು ಮೊದಲು ಕೇಳಲಿ.