ಸ್ಕ್ರೀನ್ ಪ್ರಿಂಟಿಂಗ್ ಫಿಲ್ಮಿಗೆ ಎಂಥ ಪ್ರಿಂಟರು?



ಸಾಂಗ್ಲಿ, ಮಿರಜ ಎಂದರೆ ಹೊರಗಿನವರಿಗೆ ಅರಿಶಿನ, ಬೇದಾಣಿ, ಸಿತಾರು, ತಂಬೂರಿ ನೆನಪಾಗುತ್ತವೆ. ಅರಿಶಿನದ ಚೀಲದ ಮೇಲೆ ಅಡತಿಯ ಹೆಸರು ಒತ್ತುವವರು, ಗಣೇಶ ಮಂಡಳದ ಹುಡುಗರಿಗೆ ಟೀ ಶರ್ಟು ಮಾಡಿಕೊಡುವವರು, ಲಗ್ನಪತ್ರಿಕೆ, ಬಟ್ಟೆ ಅಂಗಡಿಯ ಕೈಚೀಲ ಅಚ್ಚು ಹಾಕುವವರು ಯಾರಿಗೂ ನೆನಪಾಗುವುದಿಲ್ಲ. ಒಂದು ಕೋಣೆ, ನಾಲ್ಕು ಫ್ರೇಮು, ಒಂದು ಸ್ಕ್ವೀಜಿ, ಒಣಹಾಕಲು ಒಂದು ಹಗ್ಗ: ಇಷ್ಟರಲ್ಲೇ ಸಂಸಾರ ನಡೆಸುವ ಮನೆಗಳು ನಮ್ಮ ಗಡಿಭಾಗದಲ್ಲಿ ಬೇಕಾದಷ್ಟಿವೆ. ಇಂದಿನ ಮಾತು ಅವರಿಗಾಗಿ, ಈ ಉದ್ಯೋಗ ಹಿಡಿಯಬೇಕೆಂದಿರುವ ತರುಣರಿಗಾಗಿ.

ಈ ಕೆಲಸಕ್ಕೆ ಮೊದಲು ಬೇಕಾಗುವುದು ಪಾಸಿಟಿವ್ ಫಿಲ್ಮು. ಜತ್ತ ತಾಲ್ಲೂಕಿನ ಹಳ್ಳಿಯಲ್ಲಿ ಒಬ್ಬ ಹುಡುಗ ಸ್ಕ್ರೀನ್ ಪ್ರಿಂಟಿಂಗ್ ಇಟ್ಟುಕೊಂಡಿದ್ದಾನೆ ಎನ್ನಿ. ಒಂದು ಫಿಲ್ಮಿಗಾಗಿ ಅವನು ಬಸ್ಸು ಹತ್ತಿ ಮಿರಜಿಗೋ ಸಾಂಗ್ಲಿಗೋ ಬರಬೇಕು. ಅರ್ಧ ದಿನ ಹೋಯಿತು. ಮನೆಗೆ ಹೋಗಿ ನೋಡಿದರೆ ವರನ ಅಡ್ಡಹೆಸರಿನಲ್ಲಿ ತಪ್ಪು. ನಾಳೆ ಮತ್ತೆ ಬಸ್ಸು. ಆಗ ‘ನಮ್ಮದೇ ಒಂದು ಪ್ರಿಂಟರು ತಂದರಾಯಿತು’ ಎಂಬ ವಿಚಾರ ಬರುತ್ತದೆ. ವಿಚಾರ ಸರಿಯಾದದ್ದೇ. ಆದರೆ ಅಂಗಡಿಯವನು ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ಎಂದು ತೋರಿಸಿ ಮಾರುತ್ತಾನೆ. ನಮಗೆ ಬೇಕಾದದ್ದು ಫೋಟೋ ಅಲ್ಲ, ಕಪ್ಪು.

ಎಂಥ ಕಪ್ಪು? ಫ್ರೇಮಿನ ಬಟ್ಟೆಗೆ ಎಮಲ್ಷನ್ ಬಳಿದು, ಮೇಲೆ ಫಿಲ್ಮು ಇಟ್ಟು, ಬೆಳಕು ಕೊಡುತ್ತೇವೆ. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ. ಅಕ್ಷರದ ಕಪ್ಪಿನ ಕೆಳಗೆ ಮೆತ್ತಗೇ ಉಳಿದು ನೀರಿಗೆ ಬಿಟ್ಟುಹೋಗುತ್ತದೆ. ಗಟ್ಟಿ ಮಾಡುವುದು ಕಣ್ಣಿಗೆ ಕಾಣುವ ಬೆಳಕಿಗಿಂತ ಹೆಚ್ಚಾಗಿ ಅತಿನೇರಳೆ ಕಿರಣ. ಆದ್ದರಿಂದ ಫಿಲ್ಮಿನ ಮಸಿ ಆ ಕಿರಣವನ್ನು ತಡೆಯಬೇಕು. ಹಿಂದೆ ಕೈಯಿಂದ ಕೊರೆಯುತ್ತಿದ್ದ ಕೆಂಪು, ಕಿತ್ತಳೆ ಬಣ್ಣದ ಫಿಲ್ಮು ಹಳಬರಿಗೆ ನೆನಪಿದ್ದೀತು. ಅದರೊಳಗಿಂದ ಆಚೆಯದು ಕಾಣುತ್ತಿತ್ತು, ಆದರೂ ಅದು ಕಿರಣವನ್ನು ಬಿಡುತ್ತಿರಲಿಲ್ಲ. ಹಾಗೆಯೇ ಕಣ್ಣಿಗೆ ಕಡುಕಪ್ಪಾಗಿ ಕಂಡ ಮಸಿ ಕಿರಣವನ್ನು ಸೋರಿಬಿಡುವುದೂ ಉಂಟು. ಕಣ್ಣನ್ನಷ್ಟೇ ನಂಬಬೇಡಿ, ಎಮಲ್ಷನ್ ಏನು ಹೇಳುತ್ತದೆ ಕೇಳಿ.

ಕಪ್ಪು ತೆಳುವಾದರೆ ಏನಾಗುತ್ತದೆ ನೋಡಿ. ದೊಡ್ಡ ಅಕ್ಷರ ಹೇಗೋ ಬರುತ್ತದೆ. ಸಣ್ಣ ಗೆರೆಯ ಕೆಳಗೆ ಎಮಲ್ಷನ್ ಅರೆ ಗಟ್ಟಿಯಾಗಿ, ತೊಳೆದರೂ ಬಿಡುವುದಿಲ್ಲ. ಕನ್ನಡದ ‘ಧ’ಕ್ಕೂ ‘ದ’ಕ್ಕೂ ಇರುವ ಭೇದ ಕೆಳಗಿನ ಒಂದು ಸಣ್ಣ ಗೀಟು. ಅದು ಮುಚ್ಚಿಕೊಂಡರೆ ಧನಪಾಲರು ದನಪಾಲರಾಗುತ್ತಾರೆ! ಧನಪಾಲ ಎಂಬ ಹೆಸರು ನಮ್ಮ ಕಡೆ ಎಷ್ಟು ಮನೆಗಳಲ್ಲಿದೆ ಎಂದು ನಿಮಗೇ ಗೊತ್ತು. ಪತ್ರಿಕೆ ಹಂಚಿದ ಮೇಲೆ ಬೀಗರ ಮುಂದೆ ಯಾರು ಉತ್ತರ ಕೊಡಬೇಕು? ‘ಥ’ದ ಹೊಟ್ಟೆಯ ಚುಕ್ಕೆಗೂ, ಒತ್ತಕ್ಷರದ ಬಾಲಕ್ಕೂ ಇದೇ ಗತಿ. ಮರಾಠಿ ಪತ್ರಿಕೆಯಲ್ಲಿ ಸಂಕಟ ಬೇರೆ ಬಗೆಯದು. ಪ್ರಿಂಟರಿನ ತಲೆ ಅಡ್ಡಡ್ಡ ಓಡುತ್ತದೆ. ಒಂದು ತೂತು ಕಟ್ಟಿದ್ದರೆ ಬಿಳಿ ಗೆರೆಯೂ ಅಡ್ಡಡ್ಡವೇ ಬೀಳುತ್ತದೆ. ಸರಿಯಾಗಿ ಶಿರೋರೇಖೆಯ ಮೇಲೆಯೇ ಬಿದ್ದರೆ ಇಡೀ ಸಾಲಿನ ತಲೆ ಹಾರಿತು. ಎರಡು ಭಾಷೆಯ ಪತ್ರಿಕೆ ಮಾಡುವ ನಮಗೆ ಎರಡೂ ಪರೀಕ್ಷೆ.

ಇನ್ನು ಯಂತ್ರದ ಮಾತು. ಇಂಕ್‌ಜೆಟ್‌ನಲ್ಲಿ ಮಸಿ ಚಿಮ್ಮಿಸುವ ರೀತಿ ಎರಡು. ಕ್ಯಾನನ್, ಎಚ್‌ಪಿ ಮನೆಬಳಕೆಯ ಯಂತ್ರಗಳು ಮಸಿಯನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸಿ ಚಿಮ್ಮಿಸುತ್ತವೆ. ಎಪ್ಸನ್‌ನದು ವಿದ್ಯುತ್ತು ಕೊಟ್ಟರೆ ಬಾಗುವ ಪೀಜೊ ಹರಳಿನ ಒತ್ತಡ. ಇದರಲ್ಲಿ ಮಸಿ ಕಾಯುವುದಿಲ್ಲ, ಬೇರೆ ಬೇರೆ ಬಗೆಯ ಮಸಿಗೆ ಒಗ್ಗಿಕೊಳ್ಳುತ್ತದೆ. ಫಿಲ್ಮಿನ ಕೆಲಸದವರು ಎಪ್ಸನ್ ಕಡೆ ಹೆಚ್ಚು ವಾಲಿದ್ದಕ್ಕೆ ಇದೊಂದು ಕಾರಣ. ಫಿಲ್ಮಿನ ಸಾಫ್ಟ್‌ವೇರುಗಳು ಹೆಚ್ಚಾಗಿ ಆ ಯಂತ್ರಗಳಿಗೇ ಬರೆದವು ಎಂಬುದು ಇನ್ನೊಂದು. ನನ್ನ ಒಲವೂ ಅತ್ತಲೇ. ಆದರೆ ಪೀಜೊ ತಲೆ ಕಟ್ಟಿ ಕೆಟ್ಟರೆ ಬದಲಿಸುವುದು ದುಬಾರಿ ಎಂಬುದನ್ನೂ ಹೇಳಿಬಿಡುತ್ತೇನೆ.

ಮಸಿಯಲ್ಲೂ ಎರಡು ಜಾತಿ: ಡೈ, ಪಿಗ್ಮೆಂಟ್. ಡೈ ಎಂದರೆ ನೀರಿನಲ್ಲಿ ಸಕ್ಕರೆಯಂತೆ ಕರಗಿದ ಬಣ್ಣ. ಪಿಗ್ಮೆಂಟ್ ಎಂದರೆ ನೀರಿನಲ್ಲಿ ಅರಿಶಿನಪುಡಿ ತೇಲಿದಂತೆ ಸಣ್ಣ ಕಣಗಳು. ಡೈ ಮಸಿ ಫಿಲ್ಮಿನ ಲೇಪದೊಳಕ್ಕೆ ಇಳಿದು ಬೇಗ ಒಣಗುತ್ತದೆ, ತಲೆ ಕಟ್ಟುವುದು ಕಡಿಮೆ. ಪಿಗ್ಮೆಂಟು ಕೆಲವು ಫಿಲ್ಮುಗಳ ಮೇಲೆ ಕಾಡಿಗೆಯ ಹಾಗೆ ಮೇಲೆಯೇ ಕೂತು, ಬೆರಳು ತಾಗಿದರೆ ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕಪ್ಪು ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ ಇರುವ ಯಂತ್ರಗಳುಂಟು. ಕ್ಯಾನನ್ ಜಿ ಮಾಲಿಕೆಯ ಹಲವು ಹೀಗೆ. ಫೋಟೋ ಕಾಗದ ಎಂದು ಆಯ್ಕೆ ಮಾಡಿದಿರೋ, ಆ ಯಂತ್ರ ಸಾಮಾನ್ಯವಾಗಿ ಕಪ್ಪು ಮಸಿಯನ್ನು ಬದಿಗಿಟ್ಟು ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಕಾಗದದ ಮೇಲೆ ಚೆಂದ ಕಾಣುತ್ತದೆ, ಫಿಲ್ಮಿಗೆ ಸಾಲದೇ ಹೋಗಬಹುದು. ಕೊಳ್ಳುವ ಮುಂಚೆ ಇದನ್ನು ಕೇಳಲೇಬೇಕು.

ಅಳತೆ ನಿಮ್ಮ ಗಿರಾಕಿ ಹೇಳುತ್ತಾನೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಶಾಲೆಯ ಬಿಲ್ಲೆ ಇಷ್ಟೇ ಆದರೆ ಎ4 ಟ್ಯಾಂಕ್ ಪ್ರಿಂಟರು ಸಾಕು. ಆ ಹಾಳೆ 210ಕ್ಕೆ 297 ಮಿಲಿಮೀಟರು. ಟೀ ಶರ್ಟಿನ ಬೆನ್ನು, ಬಟ್ಟೆಚೀಲ ಮಾಡುವವರಿಗೆ ಎ3 ಬೇಕು, ಅಂದರೆ 297ಕ್ಕೆ 420. ಎ4ರ ಎರಡು ತುಂಡು ಅಂಟಿಸಿ ಹೊಂದಿಸುವುದು ಒಂದು ಸಲಕ್ಕೆ ಸರಿ, ದಿನಾಲೂ ತಲೆನೋವು. ಎಪ್ಸನ್ ಎಲ್1300 ಮಾದರಿ ನಮ್ಮ ಕಸುಬಿನವರಿಗೆ ಹಿಡಿಸಿದ್ದು ಅಗಲಕ್ಕಾಗಿ, ಅದರಲ್ಲಿ ಕಪ್ಪಿಗೇ ಎರಡು ಟ್ಯಾಂಕು ಇರುವುದಕ್ಕಾಗಿ. ಎಲ್1800ಕ್ಕೆ ಆರು ಬಣ್ಣ. ಕೆಲವರು ಎಲ್ಲ ಟ್ಯಾಂಕಿಗೂ ಕಪ್ಪನ್ನೇ ತುಂಬಿ, ಅದಕ್ಕೆಂದೇ ಇರುವ ರಿಪ್ ಸಾಫ್ಟ್‌ವೇರಿನಿಂದ ಓಡಿಸುತ್ತಾರೆ. ಮಸಿ ದಪ್ಪವಾಗಿ ಬೀಳುತ್ತದೆ ನಿಜ, ಆದರೆ ಆ ಯಂತ್ರದಲ್ಲಿ ಮತ್ತೆ ಬಣ್ಣದ ಮುದ್ರಣವಿಲ್ಲ, ಗ್ಯಾರಂಟಿಯ ಮಾತೂ ಮುಗಿಯಿತು. ಬರಿಯ ಅಕ್ಷರದ ಕೆಲಸಕ್ಕೆ ರಿಪ್ ಬೇಡ. ಫೋಟೋವನ್ನು ಚುಕ್ಕೆಗಳಾಗಿ ಒಡೆಯಬೇಕಾದವರಿಗೆ ಬೇಕು. ಅಲ್ಲಿಯೂ ಬಟ್ಟೆಯ ಮಿತಿ ಇದೆ: ಸೆಂಟಿಮೀಟರಿಗೆ 120 ಎಳೆ ಎಂದರೆ ಇಂಚಿಗೆ ಸುಮಾರು 305 ಎಳೆ, ಅದನ್ನು 5ರಿಂದ ಭಾಗಿಸಿದರೆ ಇಂಚಿಗೆ ಸುಮಾರು 61 ಸಾಲು ಚುಕ್ಕೆ. ಅದಕ್ಕಿಂತ ನಯ ಮಾಡಹೋದರೆ ಬಟ್ಟೆ ಹಿಡಿಯುವುದಿಲ್ಲ.

ಬಟರ್ ಪೇಪರಿನ ಮೇಲೆ ಲೇಸರ್ ಪ್ರಿಂಟು ತೆಗೆದು ಕೆಲಸ ಮಾಡುವವರು ‘ನಮಗೇನು ಕಡಿಮೆಯಾಗಿದೆ?’ ಎನ್ನಬಹುದು. ಒಂದೇ ಬಣ್ಣದ ದಪ್ಪ ಅಕ್ಷರಕ್ಕೆ ಏನೂ ಕಡಿಮೆಯಿಲ್ಲ, ಅಗ್ಗವೂ ಹೌದು. ಲೇಸರಿನ ಕಾವಿಗೆ ಹಾಳೆ ಕೂದಲೆಳೆಯಷ್ಟು ಕುಗ್ಗುತ್ತದೆ. ಎರಡು ಮೂರು ಬಣ್ಣ ಕೂಡಿಸುವಾಗ ಆ ಕೂದಲೆಳೆಯೇ ಗುಡ್ಡವಾಗುತ್ತದೆ.

ಫಿಲ್ಮು ಮಾತ್ರ ಇಂಕ್‌ಜೆಟ್‌ಗೆಂದೇ ಲೇಪ ಹಾಕಿದ್ದಿರಬೇಕು. ಓವರ್‌ಹೆಡ್ ಪ್ರೊಜೆಕ್ಟರಿನ ಹಳೆಯ ಸಾದಾ ಹಾಳೆ ಹಾಕಿದರೆ ಮಸಿ ಹನಿಹನಿಯಾಗಿ ಹರಿಯುತ್ತದೆ. ಮುದ್ರಿಸುವಾಗ ಒಳ್ಳೆಯ ಗುಣಮಟ್ಟ ಆರಿಸಿ, ಹೋಗುತ್ತ ಬರುತ್ತ ಎರಡೂ ದಿಕ್ಕಿಗೆ ಅಚ್ಚಾಗುವ ವೇಗದ ಆಯ್ಕೆ ತೆಗೆದುಬಿಡಿ. ಗೆರೆಯ ಅಂಚು ಚೂಪಾಗುತ್ತದೆ. ಆಫ್‌ಸೆಟ್‌ನಲ್ಲಿ ಕೆಲಸ ಮಾಡಿ ಬಂದವರು ‘ಉಲ್ಟಾ ತೆಗಿ’ ಎನ್ನುತ್ತಾರೆ. ನಮಗೆ ಬೇಡ. ಸ್ಕ್ರೀನಿಗೆ ನೆಟ್ಟಗೇ ತೆಗೆದು, ಮಸಿಯ ಬದಿ ಎಮಲ್ಷನ್‌ಗೆ ತಾಗುವಂತೆ ಫ್ರೇಮಿನ ಅಚ್ಚಾಗುವ ಬದಿಗೆ ಇಡಬೇಕು. ಗಾಜಿನ ಹಿಂಬದಿಯ ಮುದ್ರಣದಂಥ ಕೆಲಸಕ್ಕೆ ಮಾತ್ರ ಉಲ್ಟಾ.

ಪರೀಕ್ಷೆ ಹೀಗೆ ಮಾಡಿ. ಅಂಗಡಿಯಲ್ಲೇ ನಿಮ್ಮ ಹಾಳೆಯ ಮೇಲೆ ಒಂದು ದಪ್ಪ ಪಟ್ಟಿ, ಒಂದು ಕೂದಲ ಗೆರೆ, ‘ಧ’ ‘ಥ’ ಇರುವ ಎಂಟು ಪಾಯಿಂಟಿನ ಎರಡು ಸಾಲು, ಒಂದು ಸಾಲು ಮರಾಠಿ ಮುದ್ರಿಸಿಕೊಳ್ಳಿ. ಮನೆಗೆ ತಂದು ಒಂದು ಫ್ರೇಮಿನ ಮೇಲೆ ಇಟ್ಟು, ರಟ್ಟು ಸರಿಸುತ್ತ ಸರಿಸುತ್ತ ಐದು ಬೇರೆ ಬೇರೆ ಹೊತ್ತು ಬೆಳಕು ಕೊಡಿ. ಎಮಲ್ಷನ್ ಪೂರ್ತಿ ಗಟ್ಟಿಯಾಗುವಷ್ಟು ಬೆಳಕು ಕೊಟ್ಟ ಮೇಲೂ ಗೀಟು ತೆರೆದುಕೊಂಡರೆ ಆ ಮಸಿ ಗಟ್ಟಿ. ಸಾಧ್ಯವಾದರೆ ಟ್ಯೂಬಿನ ಪೆಟ್ಟಿಗೆಯಲ್ಲೇ ಮಾಡಿ. ಬಿಸಿಲು ಬೆಳಗಿಗೊಂದು, ಮಧ್ಯಾಹ್ನಕ್ಕೊಂದು, ಶ್ರಾವಣದಲ್ಲಿ ಇನ್ನೊಂದು. ಬೈಕ್ರೊಮೇಟ್ ಬಳಸುವವರು ಕೈಗವಸು ಹಾಕಲೇಬೇಕು, ಆ ನೀರು ಬಾವಿಯ ಕಡೆ ಹರಿಯಬಾರದು. ಅದು ಕ್ಯಾನ್ಸರಿಗೆ ಕಾರಣವಾಗುವ ವಿಷ.

ಲೆಕ್ಕವನ್ನೂ ಮಾಡಿ ನೋಡಿ. ತಿಂಗಳಿಗೆ ನಾಲ್ಕೈದು ಫಿಲ್ಮು ಬೇಕಾದವರು ಪೇಟೆಯಲ್ಲೇ ತೆಗೆಸುವುದು ಲೇಸು. ಸುಮ್ಮನೆ ಕೂತ ಇಂಕ್‌ಜೆಟ್ ನಮ್ಮ ಏಪ್ರಿಲ್ ಬಿಸಿಲಿಗೆ ತೂತು ಕಟ್ಟಿಕೊಳ್ಳುತ್ತದೆ. ಮೂರು ದಿನಕ್ಕೊಮ್ಮೆಯಾದರೂ ನಾಜಲ್ ಚೆಕ್ ತೆಗೆಯಬೇಕು. ವಾರಕ್ಕೆ ಐದಾರು ಫಿಲ್ಮು ಇದ್ದು, ಬಸ್ಸಿನ ಖರ್ಚು, ಕಳೆದ ದಿನದ ಕೂಲಿ ಕೂಡಿಸಿದರೆ, ಸ್ವಂತ ಯಂತ್ರದ ಮಾತು ಬೇರೆ.

ಇಟ್ಟುಕೊಳ್ಳುವ ಜಾಗದ ಬಗ್ಗೆ ಒಂದು ಮಾತು. 2019ರ ಆಗಸ್ಟಿನಲ್ಲಿ ಕೃಷ್ಣೆ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ 57 ಅಡಿ ಮುಟ್ಟಿದಳು. ಅಪಾಯದ ಮಟ್ಟ 45 ಅಡಿ. 2021ರಲ್ಲಿ ಮತ್ತೆ ನೀರು ಬಂತು. ಹಳೆಯ ಬೆಳ್ಳಿ ಲೇಪದ ಫಿಲ್ಮು ನೀರಿಗೆ ಬಿದ್ದರೂ ತೊಳೆದು ಒಣಗಿಸಿದರೆ ಉಳಿಯುವ ಸಂಭವವಿತ್ತು. ಇಂಕ್‌ಜೆಟ್ ಫಿಲ್ಮಿನ ಮೇಲೆ ಆ ಭರವಸೆ ಇಡಬಾರದು. ನದಿಬದಿಯ ಊರಿನವರು ಯಂತ್ರವನ್ನು ಅಟ್ಟದ ಎತ್ತರದಲ್ಲಿಡಿ, ಗಿರಾಕಿಯ ಅಕ್ಷರಜೋಡಣೆಯ ಫೈಲುಗಳ ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ.