ದಂಪತಿಗಳ ನಿವೃತ್ತಿಯ ವಿಚಾರವು

(ಮಠದ ಮಹೋತ್ಸವದ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಶಾಸ್ತ್ರವಿಚಾರವನ್ನು ಹೇಳತಕ್ಕವನು ಸಂಬಳ, ಪಿಂಚಣಿಗಳ ಮಾತನ್ನೇಕೆ ಎತ್ತಿದನೆಂದು ಕೆಲವರು ಆಶ್ಚರ್ಯಪಡಬಹುದು. ಆದರೆ ಗದ್ದುಗೆಯ ಮುಂದೆ ಕುಳಿತು ನಿಟ್ಟುಸಿರುಬಿಡುವ ವೃದ್ಧ ದಂಪತಿಗಳನ್ನು ನಾನು ಅನೇಕ ವರ್ಷಗಳಿಂದ ಕಂಡಿದ್ದೇನೆ. ಅವರ ದುಃಖಕ್ಕೆ ಎಲ್ಲ ಕಡೆಯಲ್ಲಿಯೂ ಬಡತನವೇ ಕಾರಣವೆಂದು ಹೇಳುವಂತಿಲ್ಲ. ಗಂಡನು ಒಂದನ್ನು ಎಣಿಸಿದ್ದನು, ಹೆಂಡತಿಯು ಮತ್ತೊಂದನ್ನು ಎಣಿಸಿದ್ದಳು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಆದಕಾರಣ ಈ ವಿಷಯವನ್ನು ಮಠದಲ್ಲಿಯೇ ಆಡುವುದು ಯುಕ್ತವೆಂದು ಭಾವಿಸಿದೆನು.

ನಿವೃತ್ತಿ ಎಂಬ ಶಬ್ದಕ್ಕೆ ಹಿಂತಿರುಗುವುದು, ಬಿಡುವುದು ಎಂದರ್ಥ. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ, ಮೈಸುಕ್ಕನ್ನೂ ನರೆಯನ್ನೂ ಮಗನ ಮಗನನ್ನೂ ಕಂಡ ಗೃಹಸ್ಥನು ಅರಣ್ಯಕ್ಕೆ ಹೋಗತಕ್ಕದ್ದೆಂದೂ, ಪತ್ನಿಯನ್ನು ಮಕ್ಕಳಿಗೆ ಒಪ್ಪಿಸಿಯಾಗಲಿ ಜೊತೆಯಲ್ಲಿ ಕರೆದುಕೊಂಡಾಗಲಿ ಹೋಗಬಹುದೆಂದೂ ವಿಧಿಸಿದೆ. ಒಪ್ಪಿಸುವವನೂ ಅವನೇ, ಕರೆದುಕೊಂಡು ಹೋಗುವವನೂ ಅವನೇ. ಆಕೆಯ ಇಚ್ಛೆಯನ್ನು ಕೇಳಬೇಕೆಂಬ ಮಾತು ಅಲ್ಲಿಲ್ಲ.

ನಮ್ಮ ಶರಣರ ಮಾರ್ಗವು ಬೇರೆ. ಕಾಯಕವು ಉಸಿರಿರುವವರೆಗೆ ಉಂಟು. ನಿಲ್ಲತಕ್ಕದ್ದು ಚಾಕರಿ ಮಾತ್ರ. ನಮ್ಮ ಈ ಬೀದರ ಜಿಲ್ಲೆಯ ಕಲ್ಯಾಣದಲ್ಲಿಯೇ ನಡೆದ ಮೋಳಿಗೆ ಮಾರಯ್ಯನವರ ಕಥೆಯನ್ನು ನೆನೆಯಿರಿ. ಕಾಶ್ಮೀರದ ಅರಸನಾಗಿದ್ದವನು ರಾಜ್ಯವನ್ನು ಬಿಟ್ಟು, ರಾಣಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ದಾಸೋಹ ನಡೆಸಿದನೆಂದು ಪ್ರತೀತಿ. ಸಿಂಹಾಸನವನ್ನು ಬಿಟ್ಟವರು ಇಬ್ಬರು. ಕಾಯಕವನ್ನು ಹಿಡಿದವರೂ ಇಬ್ಬರು. ಮುಂದೆ ಮಾರಯ್ಯನವರು ಐಕ್ಯಕ್ಕೆ ಆತುರಪಟ್ಟಾಗ ಅದನ್ನು ತಿದ್ದಿದವರು ಅವರ ಧರ್ಮಪತ್ನಿ ಮಹಾದೇವಿಯಮ್ಮನವರು. ಯಾವ ಕಾಲಕ್ಕೆ ಯಾವುದನ್ನು ಬಿಡಬೇಕೆಂಬ ವಿಚಾರದಲ್ಲಿ ಪತಿಯ ಎಣಿಕೆಯು ತಪ್ಪಬಹುದು, ಸತಿಯ ಅರಿವು ಅದನ್ನು ಸರಿಪಡಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವು ಬೇಕಿಲ್ಲ.

ಇನ್ನು ನಮ್ಮ ಕಾಲದ ಸ್ಥಿತಿಯನ್ನು ನೋಡೋಣ. ಕರ್ನಾಟಕ ಸರಕಾರದ ನೌಕರರಿಗೆ 58 ವರ್ಷಕ್ಕಿದ್ದ ನಿವೃತ್ತಿಯು 2008ರಲ್ಲಿ 60ಕ್ಕೆ ಏರಿತು. ಆ ತಿಂಗಳ ಕಡೆಯ ದಿನ ಶಾಲು, ಹಾರ, ಭಾಷಣಗಳಾಗುವುವು. ಮರುದಿನ ಮನುಷ್ಯನು ಮನೆಯಲ್ಲಿರುವನು. ನಮ್ಮಲ್ಲಿ ಹೆಂಡತಿಯು ಗಂಡನಿಗಿಂತ ನಾಲ್ಕಾರು ವರ್ಷ ಕಿರಿಯಳಾಗಿರುವುದು ವಾಡಿಕೆ. ಇಬ್ಬರೂ ನೌಕರಿಯಲ್ಲಿದ್ದರೆ ಒಬ್ಬರ ಶಾಲಿಗೂ ಇನ್ನೊಬ್ಬರ ಶಾಲಿಗೂ ನಡುವೆ ಅಷ್ಟೇ ವರ್ಷಗಳ ಅಂತರ ಬೀಳುವುದು. ಈ ಅಂತರವನ್ನು ಹೇಗೆ ಕಳೆಯಬೇಕೆಂಬುದೇ ನಿಜವಾದ ಪ್ರಶ್ನೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳುವೆನು. ನನಗೆ ಈಗ 57 ವರ್ಷ. ನನ್ನ ಧರ್ಮಪತ್ನಿಯು ಔರಾದ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ನನಗಿಂತ ಐದು ವರ್ಷ ಕಿರಿಯಳು. ನನಗೆ 60 ತುಂಬಿದೊಡನೆ ಪಾಠಶಾಲೆಯ ಭಾರವನ್ನು ಕಿರಿಯರಿಗೆ ಒಪ್ಪಿಸುವುದೆಂದೂ, ಆಕೆಯು ಸ್ವಇಚ್ಛೆಯಿಂದ ನೌಕರಿ ಬಿಡುವುದೆಂದೂ, ಇಬ್ಬರೂ ನಮ್ಮ ಹಳ್ಳಿಯ ಮನೆಯಲ್ಲಿ ನನ್ನ ವೃದ್ಧ ತಾಯಿಯ ಸೇವೆಯಲ್ಲಿರುವುದೆಂದೂ ನಾನು ನಿಶ್ಚಯಿಸಿ, ಬಂಧುಗಳ ಮುಂದೆ ಸಾರಿಯೂ ಬಿಟ್ಟೆನು. ಆ ರಾತ್ರಿ ಆಕೆಯು, “ಸ್ವಇಚ್ಛೆ ಎಂದಿರಿ; ಯಾರ ಇಚ್ಛೆ?” ಎಂದಷ್ಟೇ ಕೇಳಿದಳು. ನಲವತ್ತು ವರ್ಷ ಶಬ್ದಾರ್ಥ ಹೇಳಿದ ನನಗೆ ಆ ಒಂದು ಶಬ್ದದ ಅರ್ಥವನ್ನು ಹೇಳಲಾಗಲಿಲ್ಲ.

ಮರುದಿನ ಇಬ್ಬರೂ ಕಾಗದ ಹಿಡಿದು ಕುಳಿತೆವು. ಆಕೆಯು 2006ಕ್ಕೆ ಮುಂಚೆಯೇ ಸೇವೆಗೆ ಸೇರಿದವಳಾದುದರಿಂದ, ಆಕೆಯ ಪಿಂಚಣಿಯು ಕಡೆಯ ಸಂಬಳದ ಮೇಲೂ ಸೇವೆಯ ವರ್ಷಗಳ ಮೇಲೂ ನಿಲ್ಲತಕ್ಕದ್ದು. ಮುಂಚೆ ಬಿಟ್ಟರೆ ಆ ಕೊರತೆಯು ಆಕೆಯ ಬಾಳಿನುದ್ದಕ್ಕೂ ಉಳಿಯುವುದು. ನನಗಾದರೋ ಪಿಂಚಣಿಯೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಶಾಲೆಯೇ ಆಕೆಯ ಕಾಯಕ. ಕಡೆಗೆ ನಿರ್ಣಯವು ಹೀಗಾಯಿತು: ಆಕೆಯು 60ರವರೆಗೆ ದುಡಿಯುವಳು, ನಾನು ಮುಂಚಿತವಾಗಿ ಮನೆಗೆ ಬಂದು, ತಾಯಿಯ ಔಷಧವನ್ನೂ ಬೆಳಗಿನ ರೊಟ್ಟಿಯನ್ನೂ ನೋಡಿಕೊಳ್ಳುವೆನು. ರೊಟ್ಟಿ ಬಡಿಯುವುದನ್ನು ಈಗಿನಿಂದಲೇ ಕಲಿಯುತ್ತಿದ್ದೇನೆ. ತಾಯಿಯು ಅದನ್ನು ನೋಡಿ ನಗುತ್ತಿರುವಳು.

ಬಂಧುಗಳೆ, ಗಂಡನ ನಿವೃತ್ತಿಯಿಂದ ಮನೆಯ ಹೆಂಗಸಿಗೆ ಬಿಡುವು ದೊರೆಯುವುದೆಂದು ತಿಳಿಯಬೇಡಿರಿ. ಮಧ್ಯಾಹ್ನದ ಇನ್ನೊಂದು ಊಟ, ನಾಲ್ಕು ಸಲದ ಚಹ, ಬರುವ ಹೋಗುವ ಸ್ನೇಹಿತರು, ಇವೆಲ್ಲವೂ ಆಕೆಯ ಪಾಲಿಗೆ ಕೂಡುವುವು. ಒಲೆಯ ಮುಂದೆ ದುಡಿದವಳಿಗೆ ಶಾಲು ಹೊದಿಸುವ ಕಚೇರಿಯಿಲ್ಲ. ಆಕೆಗೂ ಒಂದು ನಿವೃತ್ತಿಯ ದಿನವನ್ನು ಗಂಡನೇ ಗೊತ್ತುಮಾಡಿ, ಒಲೆಯ ಅರ್ಧವನ್ನು ವಹಿಸಿಕೊಳ್ಳುವುದು ನ್ಯಾಯ.

ಇನ್ನು ಲೆಕ್ಕದ ಮಾತು. ಇಬ್ಬರೂ ಇರುವಾಗಿನ ಖರ್ಚನ್ನು ಎಣಿಸುವವರು ಬಹಳ. ಒಬ್ಬರೇ ಉಳಿದಾಗಿನ ಖರ್ಚನ್ನು ಎಣಿಸುವವರು ವಿರಳ. ಕಿರಿಯಳಾದ ಸತಿಯು ಹಲವು ವರ್ಷ ಒಬ್ಬಳೇ ಬಾಳಬೇಕಾಗಿ ಬರಬಹುದು. ಆದಕಾರಣ ಪಿಂಚಣಿಯ ಕಾಗದಗಳಲ್ಲಿ ಆಕೆಯ ಹೆಸರು, ಜನ್ಮದಿನಾಂಕಗಳು ಸರಿಯಾಗಿರುವುವೋ ನೋಡಿಕೊಳ್ಳಿರಿ. ಕುಟುಂಬ ಪಿಂಚಣಿಯು ಅವುಗಳ ಮೇಲೆಯೇ ನಿಲ್ಲುವುದು. 2006ನೆಯ ಏಪ್ರಿಲ್ 1ರಿಂದ ಈಚೆಗೆ ರಾಜ್ಯಸೇವೆಗೆ ಸೇರಿದವರಿಗೆ ಸಾಮಾನ್ಯವಾಗಿ ಹೊಸ ಪಿಂಚಣಿ ಪದ್ಧತಿಯುಂಟು. ಅದರಲ್ಲಿ ಕೂಡಿದ ಗಂಟಿನ ಒಂದು ಭಾಗದಿಂದ ವರ್ಷಾಶನವನ್ನು ಕೊಳ್ಳಬೇಕು. ಆ ವರ್ಷಾಶನವು ತನ್ನ ಜೀವಮಾನಕ್ಕೆ ಮಾತ್ರವೋ, ತನ್ನ ನಂತರ ಸಂಗಾತಿಗೂ ನಡೆಯುವುದೋ ಎಂಬುದನ್ನು ರುಜು ಹಾಕುವ ಮೊದಲು ಇಬ್ಬರೂ ಓದಿಸಿ ಕೇಳಿರಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ ಒಬ್ಬರು 30 ಲಕ್ಷ ರೂಪಾಯಿಗಳವರೆಗೆ ಇಡಬಹುದು. ಅದರಲ್ಲಿ ಜಂಟಿ ಖಾತೆಯನ್ನು ಪತಿ ಅಥವಾ ಪತ್ನಿಯೊಡನೆ ಮಾತ್ರ ತೆರೆಯಬಹುದು, ಮಕ್ಕಳೊಡನೆ ತೆರೆಯಲಾಗದು. ಇದರಲ್ಲಿ ಒಂದು ವಿವೇಕವಿದೆ.

ತೊಗರಿ, ಸೋಯಾ, ಉದ್ದು ಬೆಳೆಯುವ ನಮ್ಮ ಒಕ್ಕಲಿನ ಬಂಧುಗಳಿಗೆ ಯಾವ ಆಜ್ಞೆಯೂ ನಿವೃತ್ತಿಯ ದಿನವನ್ನು ಹೇಳುವುದಿಲ್ಲ, ಮೊಣಕಾಲೇ ಹೇಳುವುದು. ಅವರು ಮಾಡುವ ದೊಡ್ಡ ತಪ್ಪೆಂದರೆ, ದಣಿದ ಒಂದು ದಿನ ಹೊಲವನ್ನೆಲ್ಲ ಮಕ್ಕಳ ಹೆಸರಿಗೆ ಬರೆದುಕೊಟ್ಟುಬಿಡುವುದು. ಹೊಲವನ್ನು ಪಾಲಿಗೆ ಕೊಡಿರಿ, ಲಾವಣಿಗೆ ಕೊಡಿರಿ. ಒಡೆತನವು ಇಬ್ಬರ ಬಾಳಿನವರೆಗೆ ಇರಲಿ. ಕೊಡಲೇಬೇಕಾದರೆ, ತಂದೆತಾಯಿಗಳಿಬ್ಬರನ್ನೂ ಸಾಕಿ ಸಲಹತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿರಿ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಕಲಮಿನ ಪ್ರಕಾರ, ಅಂಥ ಷರತ್ತು ಮುರಿದರೆ ಆ ಪತ್ರವನ್ನು ರದ್ದುಪಡಿಸಿಕೊಳ್ಳಲು ನ್ಯಾಯಮಂಡಲಿಯ ಮುಂದೆ ಹೋಗಬಹುದು. ಮಕ್ಕಳ ಮೇಲಿನ ಅಪನಂಬಿಕೆಯಿಂದ ಇದನ್ನು ಹೇಳುತ್ತಿಲ್ಲ. ಮಾತು ಸ್ಪಷ್ಟವಾಗಿದ್ದರೆ ಪ್ರೀತಿಯು ಉಳಿಯುವುದು.

ಎಷ್ಟಿದ್ದರೆ ಸಾಕೆಂಬ ಪ್ರಶ್ನೆಗೆ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯೇ ಉತ್ತರ. ಪತಿಯು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿಯು ಹೇಳಿದರು. ಅಳತೆಯು ಆಕೆಯ ಕೈಯಲ್ಲಿತ್ತು. ಮಾರಯ್ಯನವರು ಆ ಅಳತೆಯನ್ನು ಒಪ್ಪಿದರು. ಇಬ್ಬರೂ ಒಪ್ಪಿದ ಸಾಕು ಎಂಬುದೇ ಸಾಕು.

ಮಹೋತ್ಸವದಿಂದ ಊರಿಗೆ ಮರಳಿದ ಮೇಲೆ, 50 ದಾಟಿದ ಪ್ರತಿಯೊಬ್ಬ ದಂಪತಿಗಳೂ ಒಂದು ಸಾಯಂಕಾಲ ಲಿಂಗಪೂಜೆಯಾದ ಬಳಿಕ ಎದುರುಬದುರಾಗಿ ಕುಳಿತು, ಯಾರು ಎಂದು ನಿಲ್ಲುವುದು, ಎಲ್ಲಿ ಇರುವುದು, ಒಬ್ಬರೇ ಉಳಿದರೆ ಹೇಗೆ, ಎಂಬ ಈ ಮೂರನ್ನು ಆಡಿಕೊಳ್ಳಬೇಕೆಂದು ನನ್ನ ವಿಜ್ಞಾಪನೆ. ಗಂಡಸರು ಮೊದಲು ಕೇಳಲಿ, ಹೇಳುವುದು ಆಮೇಲಾಗಲಿ. ನಾನು ತಡವಾಗಿ ಕಲಿತುದನ್ನು ನೀವು ಸಕಾಲದಲ್ಲಿ ಕಲಿಯುವಿರೆಂದು ನಂಬುವೆನು.